ಪಡುವಣ ಕಿಟಕಿಯಿಂದ ಎರಚಲು ಒಳಗೆ ಬರುತ್ತಿದೆ: ಎಲ್ಲ ಕಿಟಕಿ ಬದಲಿಸಬೇಕಾ?

ಸಾಗರದ ಮಗಳು

ನಮಸ್ಕಾರ. ಸಾಗರದ ಹತ್ತಿರ ನಮ್ಮ ಹಳೇ ಮನೆ, ಅಪ್ಪ 1991ರಲ್ಲಿ ಕಟ್ಟಿಸಿದ್ದು. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು, 9 ಕಿಟಕಿ, ಎಲ್ಲವೂ ಮತ್ತಿ ಮರದ್ದು. ಪಡುವಣ ಕಡೆಯ ಎರಡು ಕಿಟಕಿಗಳಲ್ಲಿ ಗಾಳಿಮಳೆ ಬಂದರೆ ನೀರು ಒಳಗೇ. ಕಿಟಕಿ ಕೆಳಗಿನ ಗೋಡೆ ಜೂನ್‌ನಲ್ಲಿ ನೆಂದರೆ ಸೆಪ್ಟೆಂಬರ್ ತನಕ ಒಣಗುವುದಿಲ್ಲ. ಚೌಕಟ್ಟಿನ ಕೆಳಗಿನ ಅಡ್ಡಪಟ್ಟಿಗೆ ಚಾಕು ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಉಳಿದ 7 ಕಿಟಕಿ ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚಲು ಬರುವುದಿಲ್ಲ, ಬೇಸಿಗೆಯಲ್ಲಿ ಸರಿ ಇರುತ್ತವೆ.

ಅಂಗಡಿಯವರು ಬಂದು ನೋಡಿ, 9 ಕಿಟಕಿಯನ್ನೂ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಹಾಕಿಸಿ ಅಂತಾರೆ. ಅಮ್ಮ ಮಲಗುವುದು ಆ ಪಡುವಣ ಕೋಣೆಯಲ್ಲೇ, ಥಂಡಿಗೆ ಅವರಿಗೆ ಉಬ್ಬಸ ಜಾಸ್ತಿ ಆಗುತ್ತದೆ. ಮುಂದಿನ ಮಳೆಗೆ ಮುಂಚೆ ಏನಾದರೂ ಮಾಡಲೇಬೇಕು.

ಚೌಕಟ್ಟು

ಅಕ್ಕಾ, ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲದಿದ್ದರೆ ಸ್ವಲ್ಪ ತಡೆಯಿರಿ. ನಾನು ಇದೇ ಕೆಲಸ ಮಾಡುವವನು. ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಹೊಸ ಕಿಟಕಿ ಹಾಕಿಸಿದರೆ, ಹೊಸ ಕಿಟಕಿಯ ಕೆಳಗೂ ಅದೇ ಗೋಡೆ ನೆನೆಯುತ್ತದೆ. ಹೀಗೆ ದುಡ್ಡು ಕಳೆದುಕೊಂಡ ಮನೆಗಳನ್ನು ನೋಡಿ ಬೇಜಾರಾಗಿದೆ.

ಮಳೆ ಇಲ್ಲದ ದಿನ ತೋಟದ ಪೈಪ್ ತನ್ನಿ. ಕಿಟಕಿ ಮುಚ್ಚಿ, ಮೊದಲು ಕಿಟಕಿ ಬುಡದ ಹೊರಗಿನ ಕಟ್ಟೆಗೆ ಮಾತ್ರ 10 ನಿಮಿಷ ನೀರು ಬಿಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಆಮೇಲೆ ಚೌಕಟ್ಟು ಗೋಡೆಗೆ ಸೇರುವ ಸಂದಿಗೆ, ಆಮೇಲೆ ಕಿಟಕಿ ಬಾಗಿಲಿನ ಸಂದಿಗೆ, ಕೊನೆಗೆ ಮೇಲ್ಗಡೆಗೆ. ಕೆಳಗಿನಿಂದಲೇ ಶುರು ಮಾಡಬೇಕು. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆಗೂ ಇಳಿದು, ಯಾವ ಸಂದಿಯಿಂದ ಒಳಗೆ ಬಂತು ಅಂತ ಗೊತ್ತೇ ಆಗುವುದಿಲ್ಲ.

ಕುಂದಾಪ್ರದವ

ನಮ್ಮದು ಕಡಲಿನ ಹತ್ತಿರ ಮಾರಾಯ್ರೆ, ಉಪ್ಪುಗಾಳಿ. ಅಲ್ಯೂಮಿನಿಯಂ ಬಿಳಿ ಬೂಸಿನ ಹಾಗೆ ಆಯ್ತು ಅಂತ ಯುಪಿವಿಸಿ ಹಾಕಿಸಿದೆ. ಚೌಕಟ್ಟು ಚೆನ್ನಾಗಿಯೇ ಇದೆ, ಆದರೆ ಹಿಂಜ್ ಎಲ್ಲ ತುಕ್ಕು. ಹಿಂಜ್ ಸ್ಟೇನ್‌ಲೆಸ್ ಸ್ಟೀಲ್ 304 ದರ್ಜೆಯದು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ನಮ್ಮ ಹಾಗೆ ಕಡಲಿನ ಹತ್ತಿರವಾದರೆ 316 ಬೇಕು.

ಸಾಗರದ ಮಗಳು

ನಿನ್ನೆ ತಮ್ಮನನ್ನು ಕರೆಸಿ ಮಾಡಿದೆವು. ಕಟ್ಟೆಗೆ ನೀರು ಬಿಟ್ಟು ಐದಾರು ನಿಮಿಷಕ್ಕೇ ಒಳಗೋಡೆ ಒದ್ದೆ! ನೋಡಿದರೆ ಕಟ್ಟೆ ಒಳಗಡೆಗೆ ಇಳಿಜಾರಾಗಿದೆ. ಚೌಕಟ್ಟಿನ ಎಡಪಕ್ಕ ಗಾರೆ ಬಿಟ್ಟು ಬೆರಳು ಹೋಗುವಷ್ಟು ಸಂದಿ, ಅಲ್ಲಿಂದಲೂ ನೀರು ಬಂತು. ಬಾಗಿಲಿನ ಸಂದಿಯಿಂದ ಬಂದದ್ದು ಸ್ವಲ್ಪವೇ. ಎರಡು ಕಿಟಕಿಯಲ್ಲೂ ಹೀಗೇ. ಉಳಿದ 7 ಕಿಟಕಿಗೂ ಪೈಪ್ ಹಿಡಿದೆವು, ಒಂದು ಹನಿಯೂ ಒಳಗೆ ಬರಲಿಲ್ಲ.

ಚೌಕಟ್ಟು

ಚೆನ್ನಾಗಿ ಮಾಡಿದಿರಿ. ಹಾಗಾದರೆ ಬದಲಿಸಬೇಕಾದ್ದು ಆ ಎರಡೇ. ಬುಡ ಕೊಳೆತಿರುವುದರಿಂದ ಅವನ್ನು ಉಳಿಸಲಾಗುವುದಿಲ್ಲ.

ಆ ಜಾಗಕ್ಕೆ ಸ್ಲೈಡಿಂಗ್ ಬೇಡವೇ ಬೇಡ. ಸ್ಲೈಡಿಂಗ್‌ನಲ್ಲಿ ಬಾಗಿಲು ಜಾರಬೇಕಲ್ವಾ, ಅದಕ್ಕೆ ಸಂದಿಯಲ್ಲಿ ಬ್ರಷ್ ಥರದ ಪಟ್ಟಿ ಇರುತ್ತದೆ. ಮಲೆನಾಡಿನ ಗಾಳಿ ನೀರನ್ನು ಅದರೊಳಗಿಂದ ತಳ್ಳುತ್ತದೆ. ಹೊರಗಡೆ ತೆರೆಯುವ ಬಾಗಿಲಾದರೆ ರಬ್ಬರ್ ಗ್ಯಾಸ್ಕೆಟ್ ಮೇಲೆ ಒತ್ತಿ ಕೂರುತ್ತದೆ, ಗಾಳಿ ಜೋರಾದಷ್ಟೂ ಇನ್ನೂ ಬಿಗಿಯಾಗುತ್ತದೆ. ಯುಪಿವಿಸಿಯಲ್ಲೇ ಮಾಡಿಸಿ, ಗೆದ್ದಲಿನ ಕಾಟವೂ ಇಲ್ಲ. ಪ್ರೊಫೈಲ್ (ಚೌಕಟ್ಟಿನ ಟೊಳ್ಳು ಪಟ್ಟಿ) ಒಳಗೆ ಜಿಐ ಸ್ಟೀಲ್, ಅಂದರೆ ಸತು ಲೇಪಿಸಿದ ಉಕ್ಕು, ಇದೆಯಾ ಅಂತ ಒಂದು ತುಂಡು ಕತ್ತರಿಸಿ ತೋರಿಸಲು ಹೇಳಿ. ಗಾಜು 5 ಮಿ.ಮೀ. ಟಫನ್ (ಕಾಯಿಸಿ ಗಟ್ಟಿ ಮಾಡಿದ್ದು) ಸಾಕು. ಚೌಕಟ್ಟಿನ ಕೆಳಗೆ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ, ಕೆಲಸದವರು ಸಿಲಿಕೋನ್ (ಸಂದಿ ಮುಚ್ಚುವ ಅಂಟು) ಬಳಿದು ಅವನ್ನು ಮುಚ್ಚಿಬಿಡುತ್ತಾರೆ, ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಸಿಲಿಕೋನ್ ನ್ಯೂಟ್ರಲ್ ಇರಲಿ. ವಿನೆಗರ್ ವಾಸನೆ ಹೊಡೆಯುವುದು ಗಾರೆಗೆ ಸರಿಯಾಗಿ ಹಿಡಿಯುವುದಿಲ್ಲ.

ಆದರೆ ಎಲ್ಲಕ್ಕಿಂತ ಮೊದಲು ಗಾರೆ ಮೇಸ್ತ್ರಿಯನ್ನು ಕರೆಸಿ. ಹಳೇ ಕಟ್ಟೆ ಒಡೆದು ಹೊರಗಡೆಗೆ ಇಳಿಜಾರು ಕೊಡಬೇಕು. ಕಟ್ಟೆ ಗೋಡೆಯಿಂದ ಎರಡು ಇಂಚು ಹೊರಗೆ ಚಾಚಿರಲಿ, ಅದರ ಅಡಿಯಲ್ಲಿ ಉದ್ದಕ್ಕೆ ಒಂದು ಗೀರು ಹಾಕಿಸಿ. ನೀರು ಗೋಡೆಗೆ ಅಂಟಿಕೊಂಡು ವಾಪಸ್ ಬರದೆ ಆ ಗೀರಿನಲ್ಲೇ ತೊಟ್ಟಿಕ್ಕುತ್ತದೆ. ಇದು ಸುಮ್ನೆ ಹೇಳುತ್ತಿಲ್ಲ, ನಿಮ್ಮ ಅರ್ಧಕ್ಕರ್ಧ ಸಮಸ್ಯೆ ಹೋಗುವುದು ಇಲ್ಲೇ. ಗೋಡೆ ಪೂರ್ತಿ ಒಣಗಿದ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ ಮಾಡಿಸಿ.

ಸಾಗರದ ಮಗಳು

ತುಂಬಾ ಉಪಕಾರವಾಯ್ತು ಅಣ್ಣ. ಉಬ್ಬುವ ಆ 7 ಕಿಟಕಿಗೆ ಏನು ಮಾಡಲಿ? ಅಪ್ಪ ತಾವೇ ಮರ ಆರಿಸಿ ಮಾಡಿಸಿದ್ದು, ಕಿತ್ತು ಹಾಕಲು ಮನಸ್ಸಿಲ್ಲ.

ಚೌಕಟ್ಟು

ಕೀಳಬೇಡಿ. ಬಾಗಿಲು ಎಲ್ಲಿ ಹಿಡಿಯುತ್ತದೆ ಅಂತ ಮಳೆಗಾಲದಲ್ಲೇ ಪೆನ್ಸಿಲ್ ಗುರುತು ಹಾಕಿಟ್ಟು, ಒಣಗಿದ ಮೇಲೆ ಬಡಗಿಯಿಂದ ಅಷ್ಟೇ ಕೀಸುಳಿ ಹಾಕಿಸಿ. ಮಳೆಯಲ್ಲೇ ಕೆರೆಸಿದರೆ ಬೇಸಿಗೆಯಲ್ಲಿ ಸಂದಿ ಬಿಡುತ್ತದೆ. ಇನ್ನೊಂದು, ಬಾಗಿಲನ್ನು ಕಳಚಿ ಅದರ ತಳದ ಅಂಚು ನೋಡಿ. ಅಲ್ಲಿಗೆ ಯಾರೂ ಬಣ್ಣ ಬಳಿದಿರುವುದಿಲ್ಲ, ಮರ ನೀರು ಕುಡಿಯುವುದು ಅಲ್ಲಿಂದಲೇ. ಮೇಲಂಚು, ತಳದಂಚು ಎರಡಕ್ಕೂ ಪ್ರೈಮರ್ ಕೊಟ್ಟು ಎರಡು ಕೋಟ್ ಬಳಿಸಿ.

ಕಟ್ಟೆ ಒಡೆಸಿದ ದಿನ ಒಂದು ಫೋಟೋ ಹಾಕಿ ಅಕ್ಕಾ, ಇಳಿಜಾರು ಸಾಕಾ ಅಂತ ನೋಡಿ ಹೇಳುತ್ತೇನೆ.