‘ತ್ಯಾಗದ ಧನಾಗ್ರ’: ಇಲ್ಲಿ ಧನ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಬೀದರಿನಿಂದ ಬರೆಯುತ್ತಿದ್ದೇನೆ. ಇಲ್ಲಿಂದ ಮಲ್ಪೆಯ ಕಡಲು ನೋಡಲು ಇಡೀ ರಾತ್ರಿ ಬಸ್ಸಿನಲ್ಲಿ ಕೂತರೂ ಸಾಲದು. ಆದರೂ ದೋಣಿಗೆ ತುಕ್ಕು ಹಿಡಿಯದಂತೆ ಕಾಯುವ ಬಗ್ಗೆ ಡಿಪ್ಲೊಮಾ ಹುಡುಗರಿಗೆ ಕನ್ನಡದಲ್ಲಿ ಪಾಠ ಬರೆಯುವುದು ನನ್ನ ಪಾಲಿಗೆ ಬಂದಿದೆ.

ದೋಣಿಯ ಉಕ್ಕಿನ ತಳಕ್ಕೆ, ಚುಕ್ಕಾಣಿಗೆ ಬೇರೊಂದು ಲೋಹದ ಗಟ್ಟಿಯನ್ನು ಬೋಲ್ಟ್ ಹಾಕಿ ಬಿಗಿಯುತ್ತಾರಲ್ಲ, ಅದರ ಹೆಸರಿನದೇ ತೊಡಕು. ಆ ಲೋಹ ಉಕ್ಕಿಗಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಇಂಗ್ಲಿಷಿನ ‘ಸ್ಯಾಕ್ರಿಫಿಶಿಯಲ್ ಆನೋಡ್’ ನನ್ನ ಕೈಗೆ ಬಂದ ಕರಡಿನಲ್ಲಿ ‘ತ್ಯಾಗದ ಧನಾಗ್ರ’ ಆಗಿತ್ತು.

ನನ್ನ ದೊಡ್ಡ ತಕರಾರು ‘ಧನಾಗ್ರ’ದ, ಅಂದರೆ ಧನ ತುದಿ ಎಂಬ ಪದದ ಮೇಲೆ. ಆನೋಡ್ ಎಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವ ತುದಿ, ಅಷ್ಟೇ. ವಿದ್ಯುತ್ ಹಾಯಿಸಿ ನೀರು ಒಡೆಯುವ ಪ್ರಯೋಗದಲ್ಲಿ ಆನೋಡ್ ಧನವೇ, ಅಲ್ಲಿ ಪದ ಸರಿ. ದೋಣಿಯ ತಳದಲ್ಲಿ ಹೊರಗಿನ ಬ್ಯಾಟರಿ ಇಲ್ಲ, ಲೋಹಗಳೇ ಸೇರಿ ಬ್ಯಾಟರಿಯಾಗಿವೆ. ಅಂಥ ಕೋಶದಲ್ಲಿ ಆನೋಡ್ ಋಣ! ಕಡಲ ನೀರಿನಲ್ಲಿ ಬೆಳ್ಳಿ-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ ಅಳೆದರೆ ಉಕ್ಕು ಸುಮಾರು −0.65 ವೋಲ್ಟ್, ಗಟ್ಟಿಯ ಸತು (ಜಿಂಕ್) −1.05, ಅಂದರೆ ಉಕ್ಕಿಗಿಂತ ಋಣ. ಮೀಟರಿನಲ್ಲಿ ಋಣ ತೋರಿಸುವುದನ್ನು ಪಾಠದಲ್ಲಿ ಧನ ಎಂದರೆ ಹುಡುಗ ಯಾವುದನ್ನು ನಂಬಬೇಕು? 1834ರಲ್ಲಿ ಫ್ಯಾರಡೆ ಬಳಕೆಗೆ ತಂದ ಗ್ರೀಕ್ ಮೂಲದ ಪದಕ್ಕೆ ‘ಮೇಲೇರುವ ದಾರಿ’ ಎಂದಷ್ಟೇ ಅರ್ಥ. ಧನ, ಋಣ ಎರಡೂ ಅದರಲ್ಲಿಲ್ಲ. ಸೇರಿಸಿಕೊಂಡವರು ನಾವು. ನಾನಂತೂ ‘ಆನೋಡ್’ ಎಂದೇ ಬಿಡುತ್ತೇನೆ.

ಇನ್ನು ‘ತ್ಯಾಗ’. ತ್ಯಾಗ ಮಾಡಲು ಮನಸ್ಸು ಬೇಕು, ಲೋಹಕ್ಕೆ ಎಲ್ಲಿಯದು? ಕೊಡುವವರು ನಾವು, ಹಾಗಾಗಿ ‘ಬಲಿ’ಯೇ ಸರಿ. ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಕೂತು ಹಾಗೆ ಬರೆಯಲು ಕೈ ತುಸು ತಡೆಯಿತು, ಆದರೂ ಬರೆದೆ. ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನವನು, “ಯಾರಿಗಿ ಕೊಡ್ತಾರ್ರಿ ಸರ್ ಬಲಿ?” ಎಂದ. ನೀರಿಗೋ ಉಕ್ಕಿಗೋ, ನನಗೂ ತಕ್ಷಣ ಹೊಳೆಯಲಿಲ್ಲ. ‘ಬಲಿಲೋಹ’ ಎಂದು ಸಮಾಸ ಮಾಡಿದರೆ ಇನ್ನೊಂದು ಎಡವಟ್ಟು: ಬಲಿ ಎಂದರೆ ಬಲಿಯುವುದೂ ಹೌದು. ‘ಬಲಿತ ಲೋಹ’ ಎಂದು ಓದಿಕೊಂಡವನಿಗೆ ಅರ್ಥ ಪೂರ್ತಿ ತಿರುಗುಮುರುಗು.

ಹಾಗಾದರೆ ಲೋಹದ ಹೆಸರಿನಿಂದಲೇ ‘ಜಿಂಕ್’ ಎಂದು ಕರೆದರಾಯಿತೇ? ಇಂಗ್ಲಿಷ್ ಮಾತಾಡುವ ದೋಣಿಯವರು ಹಾಗೇ ಕರೆಯುತ್ತಾರೆ. ಆದರೆ ಪಾಠದ ತಿರುಳೇ ಲೋಹದ ಆಯ್ಕೆ. ಕಡಲಿಗೆ ಸತು ನಡೆಯುತ್ತದೆ. ಅಳಿವೆಯ ಸವಳು ನೀರಿಗೆ ಅಲ್ಯೂಮಿನಿಯಂ ಒಳ್ಳೆಯದು, ಅದೂ ಶುದ್ಧವಾದದ್ದಲ್ಲ. ಮೇಲೆ ಪೊರೆ ಗಟ್ಟಿಯಾಗಿ ಕೂತು ಕೆಲಸ ನಿಲ್ಲದಂತೆ ಸತು, ಇಂಡಿಯಂ ಚೂರು ಬೆರೆತಿರಬೇಕು. ಸಿಹಿನೀರಿಗೆ ಮೆಗ್ನೀಸಿಯಂ. ಅದನ್ನೇ ಕಡಲಿಗೆ ಹಾಕಿದರೆ ಬೇಗ ಕರಗಿಹೋಗುತ್ತದೆ. ಕಾರಂಜಾ ಜಲಾಶಯದ ಉಕ್ಕಿನ ದೋಣಿಗೆ ‘ಜಿಂಕ್ ಹಾಕಿ’ ಎಂದು ಓದಿ ಯಾರಾದರೂ ನಿಜವಾಗಿ ಸತುವನ್ನೇ ಹಾಕಿದರೆ, ಸಿಹಿನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಗಟ್ಟಿ ಕರಗದೆ ಹಾಗೇ ಕೂತಿರುತ್ತದೆ, ದೋಣಿಗೆ ಜಂಗ್ ಹಿಡಿಯುತ್ತದೆ. (ನಮ್ಮ ಕಡೆ ತುಕ್ಕಿಗೆ ಜಂಗ್, ಸತುವಿಗೆ ಜಸ್ತ. ಬಿದ್ರಿ ಪಾತ್ರೆಯಲ್ಲಿ ಬಹುಪಾಲು ಜಸ್ತವೇ. ಕೋಟೆಯ ಮಣ್ಣು, ನವಸಾಗರ ಸೇರಿಸಿದ ನೀರಿಗೆ ಅದು ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಬೆಳ್ಳಗೇ ಉಳಿಯುತ್ತದೆ. ಜಸ್ತದ ಆ ದುಡುಕುತನವೇ ದೋಣಿಗೂ ಬೇಕಾದದ್ದು.)

ಹೋದ ತಿಂಗಳು ಮನೆಯ ಗೀಸರ್ ಬಿಚ್ಚಿಸಿದಾಗ ಒಳಗಿನ ಮೆಗ್ನೀಸಿಯಂ ರಾಡಿನಲ್ಲಿ ಉಳಿದದ್ದು ನಡುವಿನ ತಂತಿ, ಅದಕ್ಕೆ ಅಲ್ಲಲ್ಲಿ ಅಂಟಿದ ಬಿಳಿ ಹೆಂಟೆ, ಅಷ್ಟೇ. ಮುಟ್ಟಿದರೆ ಉದುರುತ್ತಿತ್ತು. ರಿಪೇರಿಯವನು ಬೆಳಕಿಗೆ ಹಿಡಿದು ನೋಡಿ, “ನೀರು ರಾಡ್ ತಿಂದದ ರೀ, ಟಾಕಿ ಉಳದದ” ಎಂದ. ನನ್ನ ಎರಡು ಪುಟದ ವಿವರಣೆ ಅವನ ಒಂದು ಮಾತಿನಲ್ಲಿತ್ತು. ಯಾರಿಗೆ ಬಲಿ ಎಂಬ ಹುಡುಗನ ಪ್ರಶ್ನೆಗೂ ಅದರಲ್ಲೇ ಉತ್ತರ: ತಿನ್ನುವುದು ನೀರು. ಅಲ್ಲಿಂದ ‘ತಿನಿಗಟ್ಟಿ’ ಎಂಬ ಪದ ತಲೆಯಲ್ಲಿ ಕೂತಿದೆ. ಸತುವೋ ಮೆಗ್ನೀಸಿಯಮ್ಮೋ, ಯಾವುದಕ್ಕೂ ಹೊಂದುತ್ತದೆ. ಕಿವಿಗೆ ತಿಂಡಿಯ ಹೆಸರಿನಂತಿದೆ ಎಂದು ಮನೆಯವರ ಆಕ್ಷೇಪ.

ಮಲ್ಪೆ, ಮಂಗಳೂರು, ಕಾರವಾರದ ಕಡೆಯವರಲ್ಲಿ ನನ್ನ ಕೇಳಿಕೆ: ದೋಣಿ ದಡಕ್ಕೆ ಎಳೆದು ಹಳೆಯ ಗಟ್ಟಿ ಬಿಚ್ಚಿ ಹೊಸದು ಬಿಗಿಯುವವರು ಅದನ್ನು ಏನೆಂದು ಕರೆಯುತ್ತಾರೆ? ತುಳು, ಕೊಂಕಣಿ ಪದವಾದರೂ ಸರಿ. ಹಾಗೆಯೇ ‘ಇದರ ಮೇಲೆ ಪೇಂಟ್ ಬಳಿಯಬೇಡಿ’ ಎಂಬ ಎಚ್ಚರಿಕೆಯನ್ನು ಅವರು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದೂ ಗೊತ್ತಾದರೆ ಪಾಠದಲ್ಲಿ ಹಾಗೇ ಸೇರಿಸುತ್ತೇನೆ.