ಪಾಠಕ್ಕೆ ಸಾಮಾಜಿಕ ಜಾಲತಾಣ: ಬಳಸಿ ನೋಡಿದವರು ಹೇಳಿ

ಕೇಳಿದವರು (ವಿಜ್ಞಾನ ಶಿಕ್ಷಕಿ)

ಎಂಟು ಮತ್ತು ಒಂಬತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಪಾಠಕ್ಕೆ ವಾಟ್ಸ್‌ಆ್ಯಪ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಬಳಸಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಗುಂಪು ಮಾಡಿದರೆ ಗದ್ದಲ, ಮಾಡದಿದ್ದರೆ ಹಳೆಯ ಕಾಲದವಳು ಎಂಬ ಮಾತು. ಉಪನ್ಯಾಸ ಬೇಡ, ನಿಮ್ಮ ತರಗತಿಯಲ್ಲಿ ಏನಾಯಿತೋ ಅದನ್ನು ಹೇಳಿ.

ಗಣಿತ ಶಿಕ್ಷಕ

ಮೇಡಂ, ನಾನು ವಾಟ್ಸ್‌ಆ್ಯಪ್ ಗುಂಪಿನಿಂದ ಶುರು ಮಾಡಿ ಕೈ ಸುಟ್ಟುಕೊಂಡವನು. ಮೊದಲ ವಾರವೇ ಅದು ಸಂತೆಯಾಯಿತು. ಶುಭೋದಯದ ಹೂವುಗಳ ನಡುವೆ ನನ್ನ ಮನೆಗೆಲಸದ ಲೆಕ್ಕ ಎಲ್ಲಿದೆಯೆಂದು ನಾನೇ ಹುಡುಕಬೇಕಾಯಿತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು: ಗುಂಪಿಗೆ ಸೇರಿಸಿದೊಡನೆ ಎಲ್ಲರ ಫೋನ್ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ. ಒಬ್ಬಳು ವಿದ್ಯಾರ್ಥಿನಿಗೆ ಬೇಡದ ಸಂದೇಶಗಳು ಬರತೊಡಗಿದ ಮೇಲಷ್ಟೇ ನನಗೆ ಇದು ಹೊಳೆಯಿತು. ಮೊದಲೇ ಯೋಚಿಸಬೇಕಿತ್ತು.

ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದೆ. ಗದ್ದಲ ನಿಂತಿತು, ಆದರೆ ನಕಲು ನಿಲ್ಲಲಿಲ್ಲ. ಮಕ್ಕಳು ತಮ್ಮದೇ ಬೇರೆ ಗುಂಪು ಮಾಡಿಕೊಂಡಿದ್ದರು. ಒಂದು ಸಲ ಒಬ್ಬ ಹುಡುಗ ನಾಲ್ಕನೇ ಸಾಲಿನಲ್ಲಿ ಮೈನಸ್ ಚಿಹ್ನೆ ಬಿಟ್ಟಿದ್ದ. ಮರುದಿನ ಮೂವತ್ತೊಂದು ನೋಟ್‌ಬುಕ್‌ಗಳಲ್ಲಿ ಅದೇ ಮೈನಸ್ ಕಾಣೆಯಾಗಿತ್ತು! ಬೈಯುವ ಬದಲು ಆ ತಪ್ಪನ್ನೇ ಪಾಠ ಮಾಡಿಕೊಂಡೆ. ಈಗ ಪ್ರತಿ ಗುರುವಾರ ನಾನೇ ಬೇಕೆಂದು ಒಂದು ತಪ್ಪು ಸೇರಿಸಿ ಬಿಡಿಸಿದ ಲೆಕ್ಕವೊಂದನ್ನು ಹಾಕುತ್ತೇನೆ. ತಪ್ಪು ಎಲ್ಲಿದೆ, ಯಾಕೆ ತಪ್ಪು ಎಂದು ಕಾಗದದಲ್ಲಿ ಬರೆದು ತರಬೇಕು. ಎಲ್ಲಿದೆ ಎಂಬುದನ್ನು ಕದಿಯಬಹುದು. ಯಾಕೆ ಎಂಬುದನ್ನು ಕದ್ದವನು ಕರಿಹಲಗೆಯ ಮುಂದೆ ನಿಂತಾಗ ತಡವರಿಸುತ್ತಾನೆ.

ಗುಂಪನ್ನು ಮುಚ್ಚಿ ವಾಟ್ಸ್‌ಆ್ಯಪ್ ಚಾನೆಲ್‌ಗೆ ಹೋದೆ. 2023ರಲ್ಲಿ ಬಂದ ಸೌಲಭ್ಯ ಅದು: ನಾನು ಹಾಕುತ್ತೇನೆ, ಮಕ್ಕಳು ನೋಡುತ್ತಾರೆ. ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಹೊರಗಿನವರೂ ನೋಡಬಹುದಾದ ಜಾಗವಾದ್ದರಿಂದ ಮಕ್ಕಳ ಹೆಸರು, ಫೋಟೊ ಹಾಕುವುದಿಲ್ಲ.

ಸಮಾಜ ವಿಜ್ಞಾನ ಶಿಕ್ಷಕಿ

ಇನ್‌ಸ್ಟಾಗ್ರಾಂ ಬೇಡ. ಅಲ್ಲಿ ಖಾತೆಗೆ ಕನಿಷ್ಠ ವಯಸ್ಸು 13, ಎಂಟನೇ ತರಗತಿಯಲ್ಲಿ 13 ತುಂಬದ ಮಕ್ಕಳೂ ಇರಬಹುದು. ಆಸ್ಟ್ರೇಲಿಯಾದಲ್ಲಂತೂ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಇಂಥ ಖಾತೆಗಳೇ ಇಲ್ಲ. ಶಿಕ್ಷಕರು ಹೇಳಿದರೆಂದು ಮಗು ಹುಟ್ಟಿದ ವರ್ಷವನ್ನು ಸುಳ್ಳು ಬರೆಯುವಂತಾಗಬಾರದು.

ಭಾಷಾ ಶಿಕ್ಷಕ

ನಾನು ಉಲ್ಟಾ ದಾರಿ ಹಿಡಿದೆ. ತರಗತಿಯನ್ನು ಜಾಲತಾಣಕ್ಕೆ ಒಯ್ಯಲಿಲ್ಲ, ಜಾಲತಾಣದಲ್ಲಿ ಹರಿದಾಡುವುದನ್ನು ತರಗತಿಗೆ ತಂದೆ. ಯಾವ ಮಗುವಿಗೂ ಖಾತೆ ಬೇಡ, ಫೋನೂ ಬೇಡ. ನನ್ನ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಸಾಕು.

ಮೊದಲು ತೋರಿಸಿದ್ದು ಪ್ರವಾಹದ ನೀರು ತುಂಬಿದ ರಸ್ತೆಯಲ್ಲಿ ಕಾರಿನ ಪಕ್ಕ ಶಾರ್ಕ್ ಈಜುತ್ತಿರುವ ಚಿತ್ರ. 2011ರಲ್ಲಿ ಐರೀನ್ ಚಂಡಮಾರುತದ ಸಮಯದಲ್ಲಿ ಹರಿದಾಡಿದ್ದು. ನಿಜವೋ ಸುಳ್ಳೋ ಎಂದು ಕೇಳಿದರೆ ಬಹುತೇಕ ಎಲ್ಲರ ಕೈಯೂ ನಿಜದ ಕಡೆಗೇ ಎದ್ದಿತು. ಚಿತ್ರವನ್ನೇ ಕೊಟ್ಟು ಹುಡುಕುವುದು ಹೇಗೆಂದು ತೋರಿಸಿದೆ. ದಕ್ಷಿಣ ಆಫ್ರಿಕಾದ ಕಡಲಿನಲ್ಲಿ 2003ರಲ್ಲಿ ತೆಗೆದ ಫೋಟೊ ಸಿಕ್ಕಿತು: ಸಣ್ಣ ದೋಣಿಯಲ್ಲಿ ಕುಳಿತವನ ಹಿಂದೆ ಬರುತ್ತಿರುವ ಶಾರ್ಕ್. ಅದನ್ನೇ ಕತ್ತರಿಸಿ ರಸ್ತೆಯ ನೀರಿಗೆ ಬಿಟ್ಟಿದ್ದರು. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಅದೇ ಶಾರ್ಕ್ ಮತ್ತೆ ಹಾಜರ್! ಮಕ್ಕಳು ಬಿದ್ದು ಬಿದ್ದು ನಕ್ಕರು.

ಎಡವಟ್ಟಾದದ್ದು ಆಮೇಲೆ. ಮೂರು ವಾರ ಬರೀ ಸುಳ್ಳು ಚಿತ್ರಗಳನ್ನೇ ತೋರಿಸಿದೆ. ನಾಲ್ಕನೇ ವಾರ ಹೊಟ್ಟೆಯ ಚರ್ಮದ ಮೂಲಕ ಹೃದಯ ಕಾಣುವ ಗಾಜಿನ ಕಪ್ಪೆಯನ್ನು ತೋರಿಸಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ‘ಸುಳ್ಳು!’ ಎಂದು ಕೂಗಿತು. ಆ ಕಪ್ಪೆ ನಿಜ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿದೆ. ನಾನು ಪರೀಕ್ಷಿಸುವುದನ್ನು ಕಲಿಸಿದ್ದೇನೆ ಅಂದುಕೊಂಡಿದ್ದೆ, ಅವರು ಕಲಿತದ್ದು ನನ್ನ ಚಾಳಿಯನ್ನು ಊಹಿಸುವುದನ್ನು. ಈಗ ನಿಜ, ಸುಳ್ಳು ಬೆರೆಸಿಯೇ ತೋರಿಸುತ್ತೇನೆ; ಹೇಗೆ ಗೊತ್ತಾಯಿತೆಂದು ಹೇಳದೆ ಕೊಟ್ಟ ಉತ್ತರಕ್ಕೆ ಅಂಕವಿಲ್ಲ. ಮೇಡಂ, ನೀವು ವಿಜ್ಞಾನದವರು, ಈ ಕಪ್ಪೆ ನನಗಿಂತ ನಿಮಗೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಭೌತಶಾಸ್ತ್ರ ಉಪನ್ಯಾಸಕಿ

ಯೂಟ್ಯೂಬ್ ಬಗ್ಗೆ ಎರಡು ಮಾತು. ನಲವತ್ತು ನಿಮಿಷದ ಪಾಠವನ್ನು ಉತ್ಸಾಹದಿಂದ ಹಾಕಿದೆ. ಎಷ್ಟು ಹೊತ್ತು ನೋಡಿದರೆಂದು ತೋರಿಸುವ ಗೆರೆ ಐದನೇ ನಿಮಿಷಕ್ಕೇ ನೆಲ ಕಚ್ಚಿತ್ತು. ಈಗ ಆರು ನಿಮಿಷ ಮೀರುವುದಿಲ್ಲ. ವಿಡಿಯೊವನ್ನು ‘ಅನ್‌ಲಿಸ್ಟೆಡ್’ (ಹುಡುಕಿದರೆ ಸಿಗದಂತೆ) ಮಾಡಿ ಕೊಂಡಿಯನ್ನು ಮಾತ್ರ ಕೊಡುತ್ತೇನೆ. ತರಗತಿಯಲ್ಲಿ ತೋರಿಸುವಾಗ ಆಟೊಪ್ಲೇ ನಿಲ್ಲಿಸಿರಿ, ಇಲ್ಲದಿದ್ದರೆ ಲೋಲಕದ ಪಾಠ ಮುಗಿದೊಡನೆಯೇ ಯಾವುದೋ ಸಿನಿಮಾ ಹಾಡು ಶುರುವಾಗುತ್ತದೆ. ನನಗೆ ಆಗಿದೆ.

ನಿವೃತ್ತ ಶಿಕ್ಷಕ

ನನ್ನದು ತಪ್ಪೊಪ್ಪಿಗೆ. ಪೋಷಕರ ಗುಂಪಿಗೆ ಒಮ್ಮೆ ಇಡೀ ತರಗತಿಯ ಅಂಕಪಟ್ಟಿಯನ್ನು ಹಾಕಿಬಿಟ್ಟೆ. ಕೆಲಸ ಸುಲಭವಾಗಲಿ ಎಂದು, ಅಷ್ಟೇ. ಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಅಳಿಸಿದೆ, ಆದರೆ ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನ ತಾಯಿ ಕುಳಿತುಕೊಳ್ಳಿ ಎನ್ನಲಿಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಸೋಮವಾರ ಕಪ್ಪೆಯಿಂದ ಶುರು ಮಾಡುತ್ತೇನೆ. ಗಣಿತದ ಸರ್, ಒಂದು ಅನುಮಾನ: ಚಾನೆಲ್‌ನಲ್ಲಿ ಮಕ್ಕಳು ಗುಂಪಿನಲ್ಲಿ ಬರೆದಂತೆ ಉತ್ತರ ಬರೆಯಲು ಆಗುವುದಿಲ್ಲವಲ್ಲ, ನಿಮಗೆ ತೊಂದರೆಯಾಗಲಿಲ್ಲವೇ?

ಗಣಿತ ಶಿಕ್ಷಕ

ಇಲ್ಲ ಮೇಡಂ, ಅದೇ ಬೇಕಿತ್ತು. ಈಗ ಉತ್ತರ ಕಾಗದದ ಮೇಲೆ ಬರುತ್ತದೆ, ಹಿಂದೆಯೇ ಮಗುವೂ ಬರುತ್ತದೆ.