ಪೆಡಿಗ್ರಿಯಲ್ಲಿ ಸ್ಕೊವ್ರೊನೆಕ್ ಹೆಸರು 11 ಸಲ: ಇದನ್ನು ಹೇಗೆ ಓದಬೇಕು?

ಲಾಯದಬಾಗಿಲು (ಪ್ರಶ್ನೆ)

ಅರೇಬಿಯನ್ ತಳಿಯ ಒಂದು ಗ್ರೇ (ಬೂದು ಬಣ್ಣದ) ಹೆಣ್ಣುಕುದುರೆಯ ಪೆಡಿಗ್ರಿ, ಅಂದರೆ ವಂಶಪಟ್ಟಿ, ನೋಡುತ್ತಿದ್ದೇನೆ. ಹಳೆಯ ಹೆಸರಾಂತ ಬೀಜದ ಕುದುರೆ ಸ್ಕೊವ್ರೊನೆಕ್ 8ನೇ ತಲೆಮಾರಿನಲ್ಲಿ 3 ಸಲ, 9ನೇ ತಲೆಮಾರಿನಲ್ಲಿ 8 ಸಲ ಬರುತ್ತಾನೆ. ಹೆಚ್ಚಿನವು ಅವನ ಮಗ ನಸೀಮ್ ಮೂಲಕ, ಉಳಿದವು ಇನ್ನೊಬ್ಬ ಮಗ ರಾಫಲ್ಸ್ ಮೂಲಕ. ಕೂಡಿಸಬೇಕೆಂದಿರುವ ಬೀಜದ ಕುದುರೆಯಲ್ಲೂ ಸುಮಾರು ಇಷ್ಟೇ. ಮೂರು ವಿಷಯ ತಿಳಿಯಬೇಕು: ಇನ್‌ಬ್ರೀಡಿಂಗ್ (ನೆಂಟರೊಳಗಿನ ಕೂಡಿಕೆ) ಅಪಾಯ ಎಷ್ಟು? ಅವನ ಗುಣ ಇನ್ನೂ ಇಳಿದು ಬರುತ್ತದೆಯೇ? ಯಾವ ಪರೀಕ್ಷೆ ಮಾಡಿಸದೆ ಮುಂದುವರಿಯಬಾರದು?

ವಂಶಾವಳಿ

ಮೊದಲು ಲೆಕ್ಕ. 8ನೇ ತಲೆಮಾರಿನ ಒಬ್ಬ ಪೂರ್ವಜನ ಸರಾಸರಿ ಪಾಲು 1/256, 9ನೆಯದರಲ್ಲಿ 1/512. ಅಂದರೆ 3/256 + 8/512, ಒಟ್ಟು ಶೇ. 2.7. ಐದನೇ ತಲೆಮಾರಿನಲ್ಲಿ ಒಂದೇ ಸಲ ಬರುವ ಯಾವುದೋ ಕುದುರೆಯ ಪಾಲು ಶೇ. 3.1. ಹನ್ನೊಂದು ಸಲ ಕಂಡ ಹೆಸರಿಗಿಂತ ಆ ಒಂದು ಹೆಸರೇ ಭಾರ.

ಇನ್‌ಬ್ರೀಡಿಂಗ್ ಗುಣಾಂಕಕ್ಕೆ (ಒಂದೇ ಪೂರ್ವಜನ ಜೀನ್ ಅಪ್ಪ–ಅಮ್ಮ ಇಬ್ಬರಿಂದಲೂ ಮರಿಗೆ ಬರುವ ಸಾಧ್ಯತೆ) ರೈಟ್ ಸೂತ್ರ ಬಳಸಿ: ಗಂಡಿನಿಂದ ಆ ಪೂರ್ವಜನವರೆಗಿನ ಮೆಟ್ಟಿಲು, ಹೆಣ್ಣಿನಿಂದ ಅವನವರೆಗಿನ ಮೆಟ್ಟಿಲು, ಇವೆರಡನ್ನು ಕೂಡಿ 1 ಸೇರಿಸಿ, ½ನ್ನು ಅಷ್ಟನೇ ಘಾತಕ್ಕೆ ಏರಿಸಬೇಕು. ಬಂದದ್ದನ್ನು (1 + ಆ ಪೂರ್ವಜನ ಸ್ವಂತ ಗುಣಾಂಕ)ದಿಂದ ಗುಣಿಸಬೇಕು. ಎರಡೂ ಕಡೆ 8 ಮೆಟ್ಟಿಲಾದರೆ ಒಂದು ದಾರಿಯ ಬೆಲೆ 1/1,31,072. ಎರಡೂ ಕಡೆ 11 ಸಲ ಇದ್ದು, 121 ಜೋಡಿಗಳನ್ನೂ 8 ಮೆಟ್ಟಿಲೆಂದೇ ಹಿಡಿದರೂ ಶೇ. 0.1 ದಾಟುವುದಿಲ್ಲ.

ಎಲ್ಲರೂ ಎಡವುವ ಜಾಗ ಒಂದಿದೆ. ಎರಡೂ ಕಡೆಯ ದಾರಿ ನಸೀಮ್‌ನಲ್ಲೇ ಸೇರಿದರೆ ಲೆಕ್ಕ ಅಲ್ಲಿಗೇ ನಿಲ್ಲಬೇಕು. ಅದೇ ದಾರಿಯನ್ನು ಸ್ಕೊವ್ರೊನೆಕ್‌ವರೆಗೆ ಎಳೆದು ಮತ್ತೆ ಕೂಡಿದರೆ ಒಂದನ್ನೇ ಎರಡು ಸಲ ಎಣಿಸಿದಂತೆ. ಒಂದು ಕಡೆ ನಸೀಮ್, ಇನ್ನೊಂದು ಕಡೆ ರಾಫಲ್ಸ್ ಇದ್ದಾಗ ಮಾತ್ರ ಅಪ್ಪನವರೆಗೆ ಹೋಗಿ.

ರಾಫಲ್ಸ್ ಎರಡೂ ಕಡೆ ಇದ್ದರೆ ಇನ್ನೊಂದು ಎಚ್ಚರ. ಅವನ ಅಪ್ಪ ಸ್ಕೊವ್ರೊನೆಕ್, ತಾಯಿ ರಿಫಾಲಾ ಕೂಡ ಸ್ಕೊವ್ರೊನೆಕ್‌ನ ಮಗಳು. ಅಪ್ಪ–ಮಗಳ ಕೂಡಿಕೆಯಾದ್ದರಿಂದ ಅವನ ಸ್ವಂತ ಗುಣಾಂಕವೇ ಕನಿಷ್ಠ ಶೇ. 25. ಅವನ ದಾರಿಗಳನ್ನು 1.25ರಿಂದ ಗುಣಿಸಲು ಮರೆಯಬೇಡಿ. ನಸೀಮ್ ಮೂಲಕ ಬಂದ 8ನೇ ತಲೆಮಾರಿನ ಸ್ಕೊವ್ರೊನೆಕ್‌ನೂ ರಾಫಲ್ಸ್ ಮೂಲಕ ಬಂದವನೂ ಒಂದೇ ತೂಕದವರಲ್ಲ. ರಾಫಲ್ಸ್ ಮೂಲಕ ಬಂದರೆ ಅವನು 8ರಲ್ಲೂ ಕಾಣುತ್ತಾನೆ, 9ರಲ್ಲೂ ಕಾಣುತ್ತಾನೆ.

ನಿಜವಾಗಿ ನೋಡಬೇಕಾದದ್ದು ಹತ್ತಿರದ ಹೆಸರುಗಳನ್ನು. ಉದಾಹರಣೆಗೆ ನಸೀಮ್‌ನ ಮೊಮ್ಮಗ ಬಂದೋಸ್ (ಹುಟ್ಟು 1964) ಎರಡೂ ಕಡೆ 3 ಮೆಟ್ಟಿಲಲ್ಲಿ ಇದ್ದರೆ ಅದೊಂದೇ ಶೇ. 0.78. ಸ್ಕೊವ್ರೊನೆಕ್‌ನ ಎಲ್ಲ ದಾರಿಗಳಿಗಿಂತ ಹಲವು ಪಟ್ಟು ಹೆಚ್ಚು.

ಬಿಳಿಗೊರಸು

ಲೆಕ್ಕ ಸರಿ. ಆದರೆ ಅವನನ್ನು ಶೇ. 2.7ರಲ್ಲಿ ಮುಗಿಸಿಬಿಟ್ಟರೆ ಅರೇಬಿಯನ್ ತಳಿಯ ಅರ್ಧ ಚರಿತ್ರೆ ಕೈತಪ್ಪುತ್ತದೆ.

ಹುಟ್ಟಿದ್ದು 1909ರಲ್ಲಿ, ಈಗಿನ ಉಕ್ರೇನಿನ ಅಂತೋನಿನಿಯಲ್ಲಿ, ಪೋಲಿಷ್ ಕೌಂಟ್ ಯೂಝೆಫ್ ಪೊತೊತ್ಸ್ಕಿಯ ಸ್ಟಡ್‌ನಲ್ಲಿ (ಕುದುರೆ ತಳಿ ಬೆಳೆಸುವ ಲಾಯ). ಅಪ್ಪ ಇಬ್ರಾಹಿಂ, ತಾಯಿ ಯಸ್ಕುವ್ಕಾ. ವಾಲ್ಟರ್ ವೈನಾನ್ಸ್ ಇಂಗ್ಲೆಂಡಿಗೆ ತಂದರು. ಮಸ್‌ಗ್ರೇವ್ ಕ್ಲಾರ್ಕ್ ಅವರ ಕೈಯಿಂದ 1920ರಲ್ಲಿ ಲೇಡಿ ವೆಂಟ್ವರ್ತ್ ಅವರ ಕ್ರಾಬೆಟ್ ಸ್ಟಡ್ ಸೇರಿದ. 1930ರಲ್ಲಿ ಸತ್ತ. ಕ್ರಾಬೆಟ್‌ನ ಹೆಣ್ಣುಕುದುರೆಗಳು ಈಜಿಪ್ಟ್ ಮತ್ತು ಮರುಭೂಮಿಯಿಂದ ಬಂದವು, ಆ ಹೊತ್ತಿಗೆ ತಮ್ಮತಮ್ಮಲ್ಲೇ ಹತ್ತಿರದ ನೆಂಟರು. ಪೋಲಿಷ್ ಸ್ಟಡ್‌ಗಳ ಈ ರಕ್ತ ಅವಕ್ಕೆ ಹೊರಗಿನದು. ಅವನು ಅಷ್ಟು ಚೆನ್ನಾಗಿ ಹೊಂದಿದ್ದಕ್ಕೆ ಅರ್ಧ ಕಾರಣ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳ್ಳೆಯ ಬೀಜದ ಕುದುರೆಗೆ ತಕ್ಕ ಹೆಣ್ಣುಗಳು ಸಿಗದಿದ್ದರೆ ಹೆಸರು ಉಳಿಯುವುದಿಲ್ಲ.

ಮಕ್ಕಳು ಮೂರು ದಿಕ್ಕಿಗೆ ಹೋದರು. ರಸೇನ್ 1926ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿದ್ದ ಕೆಲ್ಲಾಗ್ ರಾಂಚಿಗೆ. ಅವನ ಮಗ ಫರ್ಸೇನ್, ಮರಿಮೊಮ್ಮಗ ಫರ್ಝೋನ್. ರಾಫಲ್ಸ್ 1932ರಲ್ಲಿ ಒಹಾಯೋದ ಸೆಲ್ಬಿ ಸ್ಟಡ್‌ಗೆ. ಇಂಗ್ಲೆಂಡಿನಲ್ಲಿ ಅವನಿಂದ ಗಬ್ಬ ನಿಲ್ಲುವುದಿಲ್ಲ ಎಂಬ ಮಾತಿತ್ತು. ಅಲ್ಲಿ ಇಂಡ್ರಾಫ್‌ನಂಥವರನ್ನು ಕೊಟ್ಟ. ನಸೀಮ್ 1936ರಲ್ಲಿ ಸೋವಿಯತ್ ತೆರ್ಸ್ಕ್ ಸ್ಟಡ್‌ಗೆ ಹೋದ. ಅಲ್ಲಿ ತರಾಶ್ಚಾ ಎಂಬ ಪೋಲಿಷ್ ಹೆಣ್ಣಿನಿಂದ ನೆಗಾಟಿವ್, ನೆಗಾಟಿವ್‌ನಿಂದ ನಬೊರ್, ಸಲೋನ್, ಬಂದೋಸ್. ನಬೊರ್ 1963ರಲ್ಲಿ ಅಮೆರಿಕಕ್ಕೆ ಬಂದ. ಪೋಲಿಷ್ ಬೀಜದ ಕುದುರೆ ಬಾಸ್ಕ್ ಬಂದದ್ದೂ ಅದೇ ವರ್ಷ. ನಬೊರ್‌ನ ಹೆಣ್ಣುಮಕ್ಕಳನ್ನು ಬಾಸ್ಕ್‌ಗೆ ಕೂಡಿಸಿದ್ದನ್ನೇ ಅಲ್ಲಿಯವರು 'ಗೋಲ್ಡನ್ ಕ್ರಾಸ್' ಎಂದು ಕರೆದರು.

ಹಾಗಾಗಿ ಪೆಡಿಗ್ರಿ ಓದುವಾಗ ಅವನ ಹೆಸರಿಗೆ ಗುರುತು ಹಾಕಬೇಡಿ. ಯಾವ ಮಗನ ಕವಲು ಎಂದು ಬಣ್ಣ ಹಚ್ಚಿ. ತೆರ್ಸ್ಕ್ ಕವಲಿನ ಹಿಂದೆ ಒಂದು ಬಗೆಯ ಆಯ್ಕೆ ನಡೆದಿದೆ, ರಾಫಲ್ಸ್ ಕವಲಿನ ಹಿಂದೆ ಬೇರೆಯೇ.

ಜೀನ್_ಗಂಟು

ಗುಣ ಇಳಿಯುವ ಬಗ್ಗೆ. ಅವನ ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮುರಿಯದೆ ಸಾಗುವ ನೇರ ಗಂಡು ಸಾಲಿನಲ್ಲಿ ಮಾತ್ರ ಉಳಿದಿದೆ, ಹೆಣ್ಣುಕುದುರೆಯಲ್ಲಿ ಅದನ್ನು ಹುಡುಕುವಂತಿಲ್ಲ. ಅಪ್ಪನ ಎಕ್ಸ್ ಮಗನಿಗೆ ಹೋಗುವುದಿಲ್ಲ, ಆದ್ದರಿಂದ ನಸೀಮ್ ಮತ್ತು ರಸೇನ್ ಮೂಲಕ ಸ್ಕೊವ್ರೊನೆಕ್‌ನ ಎಕ್ಸ್ ಬಂದೇ ಇಲ್ಲ. ರಾಫಲ್ಸ್‌ಗೆ ಮಾತ್ರ ತಾಯಿ ರಿಫಾಲಾ ಕಡೆಯಿಂದ ಅದರ ಭಾಗ ಸಿಕ್ಕಿರಬಹುದು. ಉಳಿದ ಕ್ರೋಮೋಸೋಮ್‌ಗಳಲ್ಲಿ ಪ್ರತಿ ತಲೆಮಾರೂ ಚೀಟಿ ಎತ್ತಿದಂತೆ, ಶೇ. 2.7 ಎನ್ನುವುದು ಸರಾಸರಿ, ಒಂದು ಕುದುರೆಯಲ್ಲಿ ಅದು ಸೊನ್ನೆಯ ಹತ್ತಿರವೂ ಇರಬಹುದು, 5ರ ಹತ್ತಿರವೂ ಇರಬಹುದು. ಪೆಡಿಗ್ರಿಯಿಂದ ಅದು ತಿಳಿಯುವುದಿಲ್ಲ.

ಗ್ರೇ ಬಣ್ಣಕ್ಕೆ ಕಾರಣ ಎಸ್‌ಟಿಎಕ್ಸ್17 ಜೀನ್‌ನಲ್ಲಿ 4.6 ಸಾವಿರ ಬೇಸ್‌ಗಳ ತುಣುಕೊಂದು ಮರುಕಳಿಸಿರುವುದು. ಅದು ಪ್ರಬಲ ಗುಣ, ನಡುವೆ ತಲೆಮಾರು ಬಿಟ್ಟು ಬರುವುದಿಲ್ಲ: ಗ್ರೇ ಮರಿಗೆ ಅಪ್ಪ ಅಥವಾ ಅಮ್ಮ ಗ್ರೇ ಇರಲೇಬೇಕು. ಹಾಗಾಗಿ ನಿಮ್ಮ ಕುದುರೆಯ ಗ್ರೇ ಯಾರಿಂದ ಬಂತು ಎಂದು ಒಂದೊಂದೇ ತಲೆಮಾರು ಹಿಂದೆ ನಡೆಯಿರಿ. ಸಾಲು ಎಲ್ಲಾದರೂ ಗ್ರೇ ಅಲ್ಲದ ಕುದುರೆಯಲ್ಲಿ ತುಂಡಾದರೆ ಆ ದಾರಿಯಲ್ಲಿ ಬಂದದ್ದಲ್ಲ. ಗ್ರೇಗೆ ಎರಡು ಪ್ರತಿ ಇದ್ದರೆ ಬೇಗ ಬಿಳಿಯಾಗುತ್ತದೆ, ಮೆಲನೋಮಾ (ಚರ್ಮದ ಕಪ್ಪು ಗೆಡ್ಡೆ) ಗಂಟಿನ ಸಾಧ್ಯತೆಯೂ ಹೆಚ್ಚು. ಬಾಲದ ಬುಡದ ಅಡಿ, ಗುದದ ಸುತ್ತ, ತುಟಿ, ಕಿವಿಯ ಕೆಳಗಿನ ಲಾಲಾಗ್ರಂಥಿ, ಇಷ್ಟನ್ನೂ ಬೆರಳಿಂದ ಮುಟ್ಟಿ ನೋಡಿ.

ಪರೀಕ್ಷೆ: ಎಸ್‌ಸಿಐಡಿ (ರೋಗನಿರೋಧಕ ಶಕ್ತಿಯೇ ಇಲ್ಲದ ದೋಷ), ಸಿಎ (ಕಿರುಮೆದುಳಿನ ಕೋಶಗಳು ನಶಿಸುವ ದೋಷ), ಎಲ್‌ಎಫ್‌ಎಸ್ (ಲ್ಯಾವೆಂಡರ್ ಫೋಲ್ ಸಿಂಡ್ರೋಮ್ ಎಂಬ ನರದೋಷ) ಮೂರೂ ಮಾಡಿಸಿ, ಎರಡೂ ಕುದುರೆಗೆ. ಎಸ್‌ಸಿಐಡಿ ಮರಿ ಹುಟ್ಟುವಾಗ ಆರೋಗ್ಯವಾಗಿಯೇ ಕಾಣುತ್ತದೆ. ತಾಯಿಯ ಗಿಣ್ಣುಹಾಲಿನ ರಕ್ಷಣೆ ಇಳಿದ ಮೇಲೆ ಸೋಂಕು ಹತ್ತಿ ಸುಮಾರು ಐದು ತಿಂಗಳೊಳಗೆ ಸಾಯುತ್ತದೆ. ಸಿಎ ಮರಿಯಲ್ಲಿ ಸಾಮಾನ್ಯವಾಗಿ 6 ವಾರದಿಂದ 4 ತಿಂಗಳ ನಡುವೆ ತಲೆ ನಡುಕ, ತಪ್ಪು ಹೆಜ್ಜೆ. ಎಲ್‌ಎಫ್‌ಎಸ್ ಮರಿ ಹುಟ್ಟಿದಾಗಲೇ ಎದ್ದು ನಿಲ್ಲಲಾರದು. ಮೂರೂ ಅಪ್ರಬಲ ದೋಷಗಳು: ಇಬ್ಬರೂ ವಾಹಕರಾದರೆ (ರೋಗವಿಲ್ಲದೆ ದೋಷದ ಒಂದು ಪ್ರತಿ ಹೊತ್ತವರಾದರೆ) ಪ್ರತಿ ಮರಿಗೂ ನಾಲ್ಕರಲ್ಲೊಂದು ಪಾಲು ಅಪಾಯ, ಒಬ್ಬರು ಶುದ್ಧವಿದ್ದರೆ ರೋಗದ ಮರಿ ಹುಟ್ಟದು. ಮಾದರಿಗೆ ಕೇಸರದ 20–30 ಕೂದಲನ್ನು ಬೇರುಸಹಿತ ಕಿತ್ತು ಒಣ ಕಾಗದದಲ್ಲಿ ಇಡಿ. ಕತ್ತರಿಸಿದ ಕೂದಲು ಕೆಲಸಕ್ಕೆ ಬರುವುದಿಲ್ಲ, ಡಿಎನ್‌ಎ ಇರುವುದು ಬೇರಿನಲ್ಲಿ. ಒದ್ದೆ ಕೂದಲನ್ನು ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ಬೂಷ್ಟು ಹಿಡಿದು ಮಾದರಿ ಹಾಳಾಗುತ್ತದೆ.

ಲಾಯದಬಾಗಿಲು

ತುಂಬಾ ಉಪಕಾರವಾಯಿತು. ಹೆಣ್ಣು ಸಿಎ ವಾಹಕ ಎಂದು ಬಂದರೆ ಕೈಬಿಡಬೇಕೇ?

ಜೀನ್_ಗಂಟು

ಬೇಡ. ಸಿಎ ಶುದ್ಧವಿರುವ ಗಂಡಿಗೆ ಕೂಡಿಸಿ, ಮರಿಗೆ ಮತ್ತೆ ಪರೀಕ್ಷೆ ಮಾಡಿಸಿ, ಶುದ್ಧ ಮರಿಯನ್ನು ತಳಿಗೆ ಉಳಿಸಿಕೊಳ್ಳಿ. ಎಲ್ಲ ವಾಹಕರನ್ನೂ ಒಮ್ಮೆಲೇ ತೆಗೆದುಹಾಕಿದರೆ ಜೊತೆಗೆ ಒಳ್ಳೆಯ ರಕ್ತವೂ ಹೋಗಿ, ಉಳಿದವುಗಳ ನಡುವೆ ನೆಂಟತನ ಇನ್ನಷ್ಟು ಬಿಗಿಯಾಗುತ್ತದೆ. ಗಂಡಿನ ವರದಿ ಕೈಗೆ ಬರುವ ಮುಂಚೆ ಮುಂಗಡ ಕೊಡಬೇಡಿ; ಮಾಲೀಕರ ಬಾಯಿಮಾತು ಸಾಲದು, ಕುದುರೆಯ ನೋಂದಣಿ ಸಂಖ್ಯೆ ಇರುವ ಲ್ಯಾಬ್ ಪ್ರತಿಯನ್ನೇ ಕೇಳಿ.